ಸಿದ್ದಣ್ಣನ ತಿರುಪು ಜಾಕು

ಇವತ್ತು ಮದ್ದೂರಲ್ಲಿ ನನ್ನ ಮರ್ಯಾದೆ ಹೋಯ್ತು ಕಣ್ರಪ್ಪಾ.

ಕಾರು ಪಂಕ್ಚರ್ ಆಗಿತ್ತು. ಪಂಕ್ಚರ್ ಅಂಗಡಿಯ ಸಿದ್ದಣ್ಣ ಅಚ್ಚು ಸರಿಮಾಡೋಕೆ ಕಬ್ಬು ತುಂಬಿದ ಟ್ರೇಲರನ್ನ ತಿರುಪು ಜಾಕಿನಲ್ಲಿ ಎತ್ತುತ್ತಿದ್ದರು. ಸರಳು ಹಾಕಿ ಎಷ್ಟು ಸುತ್ತು ತಿರುಗಿಸಿದರೂ ಅದು ಏಳೋದು ಕೂದಲೆಳೆಯಷ್ಟು. ನನಗೆ ಆಫೀಸಿಗೆ ಹೊತ್ತಾಗಿತ್ತು.

"ಅಣ್ಣಾ, ಅಲ್ಲೇ ಹೈಡ್ರಾಲಿಕ್ ಎಣ್ಣೆ ಜಾಕು ಇದೆಯಲ್ಲ. ಅದರಲ್ಲಾದ್ರೆ ಎರಡೇ ನಿಮಿಷ," ಅಂದೆ.

ಅವರು ತಲೆ ಎತ್ತದೆ ಹೇಳಿದರು: "ಒಳಗಿನ ಸೀಲು ಕಿತ್ತೋದ್ರೆ ಎಣ್ಣೆ ಜಾಕು ಕುಸಿದೋಯ್ತದೆ ಕಣವ್ವ. ತಿರುಪು ಅಂಗಲ್ಲ, ಕೈ ಬುಟ್ರೂ ಅಲ್ಲೇ ನಿಂತಿರ್ತದೆ. ಅಡೀಲಿ ಮನಗೋನು ನಾನು, ನೀನಲ್ಲ."

ಮರ್ಯಾದೆ ಹೋಗಿದ್ದು ಇಲ್ಲೇ. ಯಾಕಂದ್ರೆ ನನ್ನ ಕೆಲಸವೇ ಅಣು ವಿದ್ಯುತ್ ಸ್ಥಾವರದಲ್ಲಿ ಇಂಧನದ ಕಂತೆಗಳನ್ನು ಎತ್ತಿ ಇಳಿಸುವ ಯಂತ್ರದ ವಿನ್ಯಾಸ. "ಎತ್ತಿದಾಗಲೇ ಕರೆಂಟು ಹೋದರೆ?" ಅಂತ ಸುರಕ್ಷತಾ ಸಮಿತಿ ಕೇಳಿತ್ತು. ತಿರುಪು ಜಾಕು ಹಾಕಿದ್ದೇವೆ, ಭಾರ ಇದ್ದಲ್ಲೇ ನಿಲ್ಲುತ್ತದೆ ಅಂತ ಹನ್ನೊಂದು ಪುಟ ಬರೆದಿದ್ದೆ. ಆ ವರದಿ ಬ್ಯಾಗಲ್ಲೇ ಇತ್ತು.

ಸಿದ್ದಣ್ಣ ಅದನ್ನೇ ಒಂದೇ ಉಸಿರಲ್ಲಿ ಹೇಳಿ ಮುಗಿಸಿಬಿಟ್ಟರು. ನಮ್ಮ ಸಮಿತಿಯಲ್ಲಿ ಭಾರದ ಅಡಿ ಮಲಗುವವರು ಯಾರೂ ಇಲ್ಲ ನೋಡಿ, ಅದಕ್ಕೇ ಹನ್ನೊಂದು ಪುಟ ಬೇಕಾಯ್ತು.