ಓಬಳಯ್ಯ ಕೆಡಿಸಿದ ಮಟ್ಟು

ಚನ್ನರಾಯನದುರ್ಗದ ಬೆಟ್ಟದ ಕೆಳಗಿನ ಹಳ್ಳಿಯ ಓಬಳಯ್ಯನಿಗೆ ಊರಿನಲ್ಲಿ ಯಾರನ್ನು ಕಂಡರೂ ಆಗುತ್ತಿರಲಿಲ್ಲ, ಊರಿಗೂ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಮಾತಿಗೆ ಮೊದಲೇ ಮುಖ ಗಂಟಿಕ್ಕುವ ಆಸಾಮಿ. ಆದರೂ ಮದುವೆಗೆ, ಬಯಲಾಟಕ್ಕೆ, ಹನುಮಂತರಾಯನ ಗುಡಿಯ ಬೆಳಗಿನ ಪೂಜೆಗೆ ಅವನನ್ನು ಬಿಟ್ಟರೆ ಗತಿಯಿರಲಿಲ್ಲ. ಬಾಯಲ್ಲಿಟ್ಟು ಊದುವ, ಮೊಳದುದ್ದವೂ ಇಲ್ಲದ ಅವನ ಮುಖವೀಣೆಯಲ್ಲಿ ರಾಕ್ಷಸ ಕುಣಿಯುವ ಮಟ್ಟುಗಳಿದ್ದವು, ಸೋಬಾನೆಯ ಮಟ್ಟುಗಳಿದ್ದವು. ಭಜನೆಯವರು ಕರೆದರೆ ಏಕತಾರಿ ಹಿಡಿದು ತತ್ವಪದವನ್ನೂ ಹಾಡುತ್ತಿದ್ದ. ಹಾಡುವಷ್ಟು ಹೊತ್ತು ಆ ಮುಖ ಬೇರೆ ಯಾರದೋ ಅನಿಸುತ್ತಿತ್ತು; ಮುಗಿದದ್ದೇ ತಡ, ಮತ್ತೆ ಅದೇ ಗಂಟು.

ಅವನ ಬಳಿ ಇದ್ದುದರಲ್ಲೆಲ್ಲ ಹಳೆಯದು ಎಬ್ಬಿಸೋ ಮಟ್ಟು. ಪಾಳೆಯಗಾರರ ಕಾಲದಲ್ಲಿ ಅವನ ಮುತ್ತಾತನ ತಾತ ಕೋಟೆ ಬಾಗಿಲಲ್ಲಿ ಕೂತು ಊದುತ್ತಿದ್ದನಂತೆ. ಊರು ಏಳುವ ಮುಂಚೆ ಗುಡಿಯಲ್ಲಿ ದೇವರನ್ನು ಎಬ್ಬಿಸಲು ಅದೇ. ಮನೆತನದಲ್ಲಿ ಯಾರಾದರೂ ಸತ್ತರೆ, ಹೆಣ ಎತ್ತುವ ಮುಂಚೆ ಒಂದು ಸಲ ಊದುವುದೂ ಅದೇ. ಇಲ್ಲಿ ಮಲಗಿದವರು ಅಲ್ಲಿ ಏಳಲಿ ಎಂದು. ಮೂರು ಸುತ್ತಿನ ಮಟ್ಟು, ಮೂರನೆಯದರ ಕೊನೆಗೆ ಸ್ವರ ಮೆಲ್ಲಗೆ ಕೆಳಗಿಳಿದು ನಿಲ್ಲಬೇಕು. ನಡುವೆ ಕಡಿದರೆ ಮತ್ತೆ ಮೊದಲಿನಿಂದ ಊದಬೇಕು. ತಪ್ಪು ಊದಿದರೆ ಸತ್ತವರು ಅರ್ಧ ದಾರಿಯಲ್ಲೇ ನಿಂತುಬಿಡುತ್ತಾರೆ ಎಂದು ಅವನ ಅಪ್ಪ ಹೇಳಿದ್ದ. ಓಬಳಯ್ಯ ಅದನ್ನು ಮನಸಾರೆ ನಂಬಿದ್ದ.

ಸಾವಿರದ ಒಂಬೈನೂರ ಐವತ್ತಮೂರರಲ್ಲಿ ಪರ್ವತಯ್ಯ ಹಾರ್ಮೋನಿಯಂ ತಂದ. ಊರಿನ ಬಯಲಾಟದ ಮೇಳದಲ್ಲಿ ಹಾಡಿ ಆಟ ನಡೆಸುವ ಭಾಗವತ ಅವನೇ. ನಾಟಕ ಕಂಪನಿಯ ಸಹವಾಸ ಮಾಡಿ ಬಂದಿದ್ದ, ಪಂಚೆ ಉಡುವ ರೀತಿಯೇ ಬದಲಾಗಿತ್ತು. ಮುಖವೀಣೆಯ ಸ್ವರ ಹಾರ್ಮೋನಿಯಂನ ಸ್ವರದ ಮನೆಗಳಿಗೆ ಕೂರಲಿಲ್ಲ. ಕೂರದಿದ್ದರೆ ತಪ್ಪು ಯಾರದು? ಪರ್ವತಯ್ಯನ ಪ್ರಕಾರ ಮುಖವೀಣೆಯದೇ.

"ನಾಯಿಮರಿ ಕುಂಯ್ಗುಟ್ಟಿದಂಗಾಯ್ತದೆ ಕಣಯ್ಯ. ಇನ್ಮುಂದೆ ಆಟಕ್ಕೆ ಬ್ಯಾಡ ಬುಡು," ಎಂದು ಮೇಳದವರೆಲ್ಲರ ಎದುರಿಗೆ ಹೇಳಿದ.

ಮೇಳದವರು ನಕ್ಕರು. ಆ ನಗು ಓಬಳಯ್ಯನ ಹೊಟ್ಟೆಯಲ್ಲಿ ಹುಣ್ಣಾಗಿ ಕೂತಿತು. ತಮ್ಮನ ಮಗ ಚಿಕ್ಕನರಸಯ್ಯ ಹೆಂಡತಿ ಮಕ್ಕಳಿದ್ದವನು, ಊದುವುದರಲ್ಲಿ ಕೈ ಕುದುರಿದವನು. ಅವನೂ ಪರ್ವತಯ್ಯನ ಜೊತೆ ತಿರುಗತೊಡಗಿದ ಮೇಲೆ ಓಬಳಯ್ಯ ಅವನಿಗೆ ಕಲಿಸುವುದನ್ನೇ ನಿಲ್ಲಿಸಿದ. ಎಬ್ಬಿಸೋ ಮಟ್ಟನ್ನಂತೂ ಹತ್ತಿರ ಸುಳಿಯಲೂ ಬಿಡಲಿಲ್ಲ.

"ಆ ಪೆಟ್ಟಿಗೆ ಮುಂದೆ ಕೂತ ಕಿವಿಗೆ ಇದು ಹತ್ತಾಕಿಲ್ಲ, ಹೋಗ್ಲಾ," ಎಂದು ಬಾಗಿಲಿಂದಲೇ ಅಟ್ಟಿದ.

ಅರವತ್ತೊಂದರಲ್ಲಿ ಮೈಸೂರಿನಿಂದ ಒಬ್ಬ ಮೇಷ್ಟ್ರು ಟೇಪ್ ರೆಕಾರ್ಡರ್ ಹೊತ್ತು ಮಧುಗಿರಿಗೆ ಬಂದರು. ಹಳೆಯ ಮಟ್ಟುಗಳನ್ನು ಹಿಡಿದಿಡಬೇಕಂತೆ. ಪ್ರವಾಸಿ ಬಂಗಲೆಗೆ ಓಬಳಯ್ಯ ಹೆಂಡತಿ ಮಾರಕ್ಕನನ್ನೂ ಕರೆದುಕೊಂಡು ಹೋದ. ಸೋಬಾನೆ ಹಾಡುವುದರಲ್ಲಿ ಅವಳ ಗಂಟಲಿಗೆ ಸರಿಸಾಟಿ ಇರಲಿಲ್ಲ. ಹೋಗಿ ನೋಡಿದರೆ ಮೇಷ್ಟ್ರ ಪಕ್ಕದ ಕುರ್ಚಿಯಲ್ಲಿ ಪರ್ವತಯ್ಯ. ಎಲ್ಲವೂ ನಮ್ಮ ಮೇಳದ ಆಸ್ತಿ ಎಂದು ಮಟ್ಟುಗಳ ಪಟ್ಟಿಯನ್ನೇ ಬರೆಸಿಬಿಟ್ಟಿದ್ದ. ಪಟ್ಟಿಯ ತುದಿಯಲ್ಲಿ ಎಬ್ಬಿಸೋ ಮಟ್ಟು. ಓಬಳಯ್ಯ ನೆಲದ ಮೇಲೆ, ಜಮಖಾನದ ಅಂಚಿನಲ್ಲಿ ಕೂತ.

"ಊದಯ್ಯ, ನಮ್ಮ ಮ್ಯಾಳದ ಹಳೇ ಮಟ್ಟು," ಎಂದು ಪರ್ವತಯ್ಯ ಕುರ್ಚಿಯಿಂದಲೇ ಅಪ್ಪಣೆ ಕೊಟ್ಟ.

ಓಬಳಯ್ಯನಿಗೆ ಮೈಯೆಲ್ಲ ಉರಿಯಿತು. ಎದ್ದು ಬರಬಹುದಿತ್ತು. ಬರಲಿಲ್ಲ. ಎರಡು ಸುತ್ತು ಸರಿಯಾಗಿ ಊದಿದ. ಮೂರನೆಯದರಲ್ಲಿ ಸ್ವರ ಕೆಳಗಿಳಿಯುವ ಕಡೆ ಮೇಲಕ್ಕೆ ತಿರುಗಿಸಿ, ಮದುವೆಯಲ್ಲಿ ಬೀಗಿತ್ತಿಯನ್ನು ಹಂಗಿಸುವ ಹಾಡಿನ ಬಾಲ ತಂದು ಅಂಟಿಸಿದ. ನಿಧಾನಕ್ಕೆ, ಎಷ್ಟು ಗಂಭೀರವಾಗಿ ಅಂಟಿಸಿದನೆಂದರೆ ಪರ್ವತಯ್ಯ ಕಣ್ಣು ಮುಚ್ಚಿ ತಲೆದೂಗಿದ. ಇಟ್ಟುಕೋ ಮಗನೇ, ಇದೇ ನಿನ್ನ ಆಸ್ತಿ, ಎಂದುಕೊಂಡ ಓಬಳಯ್ಯ. ಹತ್ತು ವರ್ಷದಲ್ಲಿ ಅವನಿಗೆ ಅಷ್ಟು ಖುಷಿ ಎಂದೂ ಆಗಿರಲಿಲ್ಲ.

ಮಾರಕ್ಕನೊಬ್ಬಳಿಗೆ ಗೊತ್ತಾಯಿತು. ಬಸ್ಸಿನಲ್ಲಿ ಅವಳು ಅವನ ಪಕ್ಕ ಕೂರಲಿಲ್ಲ. ಮನೆಗೆ ಬಂದು ನೀರು ಕೊಡುವಾಗ ಕೇಳಿದಳು.

"ದ್ಯಾವ್ರನ್ನ ಏಳಿಸೋದಕ್ಕೆ ಬೀಗಿತ್ತಿ ಹಾಡು ಸೇರಿಸ್ದಲ್ಲ, ನಿಂಗೆ ಕೈಯಾದ್ರೂ ಹೆಂಗೆ ಬಂತಯ್ಯ?"

"ಅವ್ನು ಕುರ್ಚೀಲಿ ಕೂತಿದ್ನಲ್ಲ, ಅದ್ಕೆ ಬಂತು."

"ಅವ್ನ ಮ್ಯಾಲಿನ ಸಿಟ್ನ ಅವ್ನ ಮ್ಯಾಲೆ ತೀರ್ಸ್ಕೋ. ಹೋಗಿ ಆ ಮೇಷ್ಟ್ರುಗೆ ನಿಜ ಹೇಳ್ಬುಟ್ಟು ಬಾ."

ಅವನು ಹೋಗಲಿಲ್ಲ. ಮೇಷ್ಟ್ರು ಮಾತ್ರ ಮರುವರ್ಷ ಮತ್ತೆ ಬಂದರು. ಮಧುಗಿರಿಯ ಶಾಲೆಯೊಂದರಲ್ಲಿ ತಿಂಗಳು ಕಾಲ ತರಗತಿ ನಡೆಸಿ, ಟೇಪು ಹಾಕಿ ಹಾಕಿ ಎಬ್ಬಿಸೋ ಮಟ್ಟನ್ನು ಕಲಿಸಿದರು. ಕೊರಟಗೆರೆ, ಶಿರಾ, ಪಾವಗಡದ ಕಡೆಯಿಂದೆಲ್ಲ ಊದುವವರು ಬಂದು ಕಲಿತರು. ಎಲ್ಲರಿಗಿಂತ ಚೆನ್ನಾಗಿ ಕಲಿತವನು ಚಿಕ್ಕನರಸಯ್ಯ. ಊರೂರಿನ ಗುಡಿಗಳಲ್ಲಿ ದೇವರು ಬೀಗಿತ್ತಿಯ ಹಾಡಿಗೆ ಏಳತೊಡಗಿದ. ಓಬಳಯ್ಯ ಮೊದಮೊದಲು ಒಳಗೊಳಗೇ ನಕ್ಕ. ಆಮೇಲೆ ನಗುವುದನ್ನು ಬಿಟ್ಟ. ಸರಿಯಾದದ್ದು ಇನ್ನೂ ಉಳಿದಿರುವುದು ತನ್ನ ಬಾಯಲ್ಲಿ ಮಾತ್ರ ಎಂಬುದು ಅವನಿಗೆ ಅರಿವಾಗಿ ಭಯವಾಯಿತು. ಆದರೆ ಹೇಳಬೇಕಾದರೆ ಪರ್ವತಯ್ಯನ ಎದುರು ಹೇಳಬೇಕು. ಅದು ಅವನ ಕೈಲಾಗುವ ಕೆಲಸವಲ್ಲ.

ಅರವತ್ತಾರರ ಹೊತ್ತಿಗೆ ಮುಂದಿನ ಹಲ್ಲುಗಳೆಲ್ಲ ಉದುರಿದವು. ತುಟಿಗೆ ಹಿಂದಿನಿಂದ ಆಸರೆಯಿಲ್ಲ, ಮುಖವೀಣೆಯ ತುದಿಯ ಪೀಪಿ ನಿಲ್ಲದು. ಊದಿದರೆ ಬರೀ ಗಾಳಿ. ಮರುವರ್ಷ ಮಾರಕ್ಕ ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟಳು.

ಮಧ್ಯಾಹ್ನ ಅಂಗಳದಲ್ಲಿ ಊರು ಸೇರಿತು. ಕರೆಯದಿದ್ದರೂ ಪರ್ವತಯ್ಯ ಬಂದಿದ್ದ. ಚಟ್ಟ ಸಿದ್ಧವಾಗಿತ್ತು. ಊದಬಲ್ಲವನು ಮನೆತನದಲ್ಲಿ ಈಗ ಒಬ್ಬನೇ, ಚಿಕ್ಕನರಸಯ್ಯ. ದೊಡ್ಡಮ್ಮನ ಕಾಲು ಮುಟ್ಟಿ ನಮಸ್ಕರಿಸಿ, ಅಳು ತಡೆದುಕೊಂಡು ಮುಖವೀಣೆ ಎತ್ತಿದ. ಒಂದು ಸುತ್ತು, ಎರಡು ಸುತ್ತು. ಎಷ್ಟು ಚೆನ್ನಾಗಿ ಊದುತ್ತಾನೆ ಎಂದು ಓಬಳಯ್ಯನಿಗೆ ಆಗಲೇ ತಿಳಿದದ್ದು. ಮೂರನೆಯದು ಮೇಲಕ್ಕೆ ತಿರುಗಿತು.

"ನಿಲ್ಸೋ! ಅಂಗಲ್ಲ ಕಣ್ಲಾ, ಅದು ತಪ್ಪು!" ಎಂದು ಓಬಳಯ್ಯ ಕೂಗಿದ.

ಚಿಕ್ಕನರಸಯ್ಯ ಗಾಬರಿಯಾಗಿ ನಿಲ್ಲಿಸಿದ. ಓಬಳಯ್ಯ ಸರಿಯಾದದ್ದನ್ನು ಬಾಯಲ್ಲೇ ಹೇಳಿಕೊಡಲು ಹೊರಟ. ಏದುಸಿರಿನ ಬೊಚ್ಚು ಬಾಯಿಂದ ಗಾಳಿ ಹೊರಟಿತೇ ಹೊರತು ಸ್ವರ ಹುಟ್ಟಲಿಲ್ಲ. ಹೆಂಗಸರು ಅವನು ಅಳುತ್ತಿದ್ದಾನೆ ಅಂದುಕೊಂಡು ತಾವೂ ಅತ್ತರು.

"ತಪ್ಪೆಂಗಾಯ್ತದೆ?" ಎಂದ ಪರ್ವತಯ್ಯ ಮುಂದೆ ಬಂದು. "ನೀನೇ ಊದಿದ್ದು, ಮೈಸೂರ್ನಾಗೆ ಟೇಪ್ನಾಗೆ ಅದೆ. ಅವತ್ತು ನೀನು ಊದಿದ್ದೇ ತಪ್ಪಾ? ಅದನ್ನಾದ್ರೂ ಹೇಳು ಮತ್ತೆ."

ಹೌದು ಎಂದರೆ ಸಾಕು, ಮಾರಕ್ಕ ಸರಿಯಾದ ದಾರಿ ಹಿಡಿಯುತ್ತಾಳೆ. ಎಷ್ಟು ಹೊತ್ತಾದರೂ ಕೂತು, ಬೆರಳಿಂದ ಮುಖವೀಣೆಯ ತೂತು ತೋರಿಸಿಯಾದರೂ ಚಿಕ್ಕನರಸಯ್ಯನಿಗೆ ತಿದ್ದಬಹುದು. ಹೌದು ಎನ್ನಲು ಓಬಳಯ್ಯ ಬಾಯಿ ತೆರೆದ. ಎದುರಿಗೆ ಪರ್ವತಯ್ಯನ ಮುಖ ಕಂಡಿತು. ಆ ಮುಖಕ್ಕೆ ಸೋಲುವುದು ಈ ಹೆಣದ ಎದುರಿಗೂ ಅವನಿಂದ ಆಗಲಿಲ್ಲ.

"ನಾನು ಊದಿದ್ದು ತಪ್ಪಾಗಾಕಿಲ್ಲ," ಎಂದ. "ಊದ್ಲಾ."

ನಡುವೆ ಕಡಿದಿದ್ದರಿಂದ ಚಿಕ್ಕನರಸಯ್ಯ ಮತ್ತೆ ಮೊದಲಿನಿಂದ ಶುರುಮಾಡಿದ. ಈ ಸಲ ಇನ್ನಷ್ಟು ಭಕ್ತಿಯಿಂದ, ಬೀಗಿತ್ತಿಯನ್ನು ಹಂಗಿಸುವ ಬಾಲವನ್ನೂ ಒಂದು ಸ್ವರ ಬಿಡದೆ ಕೊನೆಯವರೆಗೆ ಊದಿದ.