ಮೇಸ್ತ್ರಿಯ ಕಣ್ಣಳತೆ

ಮೇಸ್ತ್ರಿಯ ಕಣ್ಣಳತೆಗೆ ಸರಿಸಾಟಿ ಈ ಭೂಮಿಯ ಮೇಲಿರಲಿಲ್ಲ. ತೂಗುಗುಂಡು ಇಳಿಬಿಟ್ಟು ಗೋಡೆ ನೆಟ್ಟಗಿದೆಯೇ ಎಂದು ನೋಡುವವರನ್ನು ಕಂಡರೆ ಅವರಿಗೆ ಅಯ್ಯೋ ಪಾಪ ಅನಿಸುತ್ತಿತ್ತು. ಅವರು ಒಂದು ಕಣ್ಣು ಮುಚ್ಚಿ ದಿಟ್ಟಿಸಿದರೆ ಸೊಟ್ಟ ಗೋಡೆ ತಾನಾಗಿ ನಾಚಿ ನೆಟ್ಟಗಾಗುತ್ತಿತ್ತು. ಎರಡೂ ಕಣ್ಣು ಬಿಟ್ಟರೆ ಪಕ್ಕದ ಬೀದಿಯ ಗೋಡೆಗಳೂ ಎದೆ ಸೆಟೆಸಿ ನಿಲ್ಲುತ್ತಿದ್ದವು.

ಅಂಥ ಮೇಸ್ತ್ರಿ ಒಂದು ಬೆಳಿಗ್ಗೆ ಚಹಾ ಲೋಟಕ್ಕೆ ಕೈ ಚಾಚಿದರು. ಕೈ ಹೋಗಿ ಲೋಟದ ಪಕ್ಕದ ಖಾಲಿ ಮೇಜನ್ನು ತಡವಿತು.

“ಮೂಗಿನ ಕೆಳಗೇ ಇದೆಯಲ್ರೀ!” ಎಂದರು ಹೆಂಡತಿ.

ಆಮೇಲೆ ಇಟ್ಟಿಗೆ ಸಾಲು ಓರೆಯಾಯಿತು. ಮೆಟ್ಟಿಲು ಮುಗಿದದ್ದು ತಿಳಿಯದೆ ಕಾಲು ಗಾಳಿಯನ್ನು ತುಳಿಯಿತು. ಕನ್ನಡಕ ಬದಲಾಯಿಸಿದ್ದೇ ಬದಲಾಯಿಸಿದ್ದು. ಕಣ್ಣಿನ ಡಾಕ್ಟರು ಪ್ರತಿ ಸಲವೂ, “ಹದ್ದಿನ ಕಣ್ಣು ನಿಮ್ದು,” ಎಂದು ಬೆನ್ನು ತಟ್ಟಿ ಕಳಿಸಿದರು. “ಸ್ವಲ್ಪ ದಿನ ಸುಧಾರಿಸ್ಕೊಳ್ಳಿ,” ಎಂದ ಕಂಟ್ರಾಕ್ಟರ್ ಮತ್ತೆ ಕರೆಯಲಿಲ್ಲ. “ಮೈಗಳ್ಳತನಕ್ಕೆ ಹೊಸ ನಾಟಕ,” ಎಂದ ಬಾಮೈದ, ಅವರಿಗೆ ಕೇಳಿಸುವ ಹಾಗೆಯೇ.

ಮೇಸ್ತ್ರಿ ತಾವೇ ಕಟ್ಟಿದ ಕೋಣೆಯಲ್ಲಿ ಗೋಡೆ ಸವರುತ್ತಾ ಕೂತರು. ಬೆರಳಿಗೆ ಅದು ನೆಟ್ಟಗಿತ್ತು, ಕಣ್ಣಿಗೆ ತೇಲಾಡುತ್ತಿತ್ತು. ಹೇಳಿದರೆ ನಂಬುವವರು ಯಾರು?

ಕೊನೆಗೆ ಮಗಳು ಮೆದುಳಿನ ಡಾಕ್ಟರ ಬಳಿ ಎಳೆದುಕೊಂಡು ಹೋದಳು.

“ಕಣ್ಣು ಚೆನ್ನಾಗೇ ಇದೆ,” ಎಂದರು ಡಾಕ್ಟರು. “ನೋಡಿದ್ದು ಏನು, ಎಲ್ಲಿದೆ ಅಂತ ಗುರುತಿಸೋ ಮೆದುಳಿನ ಹಿಂಭಾಗ ಸವೆದು ಹೋಗ್ತಾ ಇದೆ. ಡಿಮೆನ್ಷಿಯಾದಲ್ಲೇ ಅಪರೂಪದ ಬಗೆ.”

“ಅದು ಮರೆವಿನ ಕಾಯಿಲೆ ಅಲ್ವಾ? ಬಾಮೈದ ಅಂದಿದ್ದೆಲ್ಲ ನಂಗೆ ನೆನಪಿದೆಯಲ್ಲ ಸ್ವಾಮಿ!”

“ಈ ಬಗೇಲಿ ನೆನಪು ತುಂಬ ದಿನ ಉಳಿಯುತ್ತೆ.”

“ಅದಾದ್ರೂ ಮೊದ್ಲು ಹೋಗ್ಬಾರ್ದಿತ್ತಾ!”

ವಾಸಿ ಮಾಡುವ ಮದ್ದು ಇರಲಿಲ್ಲ. ಮಗಳು ಲೋಟಕ್ಕೆ ಕೆಂಪು ಪಟ್ಟಿ ಸುತ್ತಿದಳು. ಇಂಥ ಕಾಯಿಲೆಯವರು ಶನಿವಾರ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಸೇರುತ್ತಾರೆಂದು ಡಾಕ್ಟರು ಹೇಳಿದ್ದನ್ನು ನೆನಪಿಸಿದಳು.

“ಯಾರಿರ್ತಾರಮ್ಮ ಅಲ್ಲಿ? ಲೋಕಕ್ಕೆಲ್ಲ ನಾನೊಬ್ನೇ ಇಂಥೋನು. ಬರೀ ಕುರ್ಚಿಗಳಿರ್ತವೆ.”

“ಕುರ್ಚಿಗಳನ್ನಾದ್ರೂ ಮಾತಾಡಿಸಿ ಬರೋಣ, ನಡಿ ಅಪ್ಪ.”

ಶನಿವಾರ ಆ ಕೋಣೆಯಲ್ಲಿ ಒಬ್ಬರು ಎದ್ದು ನಿಂತು, “ಲಾರಿ ಓಡಿಸ್ತಿದ್ದೆ. ನಂದೂ ಇದೇ,” ಎಂದು ಕೈ ಚಾಚಿದರು. “ನಾನು ಗಾರೆ ಮೇಸ್ತ್ರಿ,” ಎಂದು ಮೇಸ್ತ್ರಿಯೂ ಚಾಚಿದರು. ಎರಡು ಕೈಗಳೂ ಗಾಳಿಯಲ್ಲಿ ಒಂದನ್ನೊಂದು ದಾಟಿ ಮುಂದೆ ಹೋದವು. ಮತ್ತೆ ಚಾಚಿದರು, ಮತ್ತೆ ತಪ್ಪಿತು. ಇನ್ನೊಮ್ಮೆ ತಡಕಾಡಿದಾಗ ಮೇಸ್ತ್ರಿಗೆ ಆ ಮನುಷ್ಯನ ಮೊಣಕೈ ಸಿಕ್ಕಿತು. ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡರು, ಬಿಡಲಿಲ್ಲ.

“ಈ ಕಣ್ಣಲ್ಲಿ ಮನೆ ಕಟ್ಟಿದ್ರಾ ಮೇಸ್ತ್ರಿ?” ಎಂದರು ಡ್ರೈವರ್. “ಒಂದಾದ್ರೂ ನಿಂತಿದೆಯಾ?”

“ನಿಂತಿರ್ಬೇಕು,” ಎಂದರು ಮೇಸ್ತ್ರಿ, “ನಿಮ್ಮ ಲಾರಿ ಆ ಕಡೆ ಬಂದಿಲ್ಲ ಅಂದ್ರೆ.”