ಇನ್ನೊಂಚೂರು ಮೇಸ್ತ್ರಿ

ನಮ್ಮ ಯಜಮಾನರಿಗೆ ಬೀದಿಯವರು ಇಟ್ಟ ಹೆಸರು ‘ಇನ್ನೊಂಚೂರು ಮೇಸ್ತ್ರಿ’. ಊಟಕ್ಕೆ ಬಡಿಸಿದರೆ ಇನ್ನೊಂಚೂರು, ಬೆಳಗ್ಗೆ ಎಬ್ಬಿಸಿದರೆ ಇನ್ನೊಂಚೂರು. ಡಬ್ಬಿಯ ಮುಚ್ಚಳವನ್ನೂ ಇನ್ನೊಂಚೂರು ಬಿಗಿದಿಡುವ ಪುಣ್ಯಾತ್ಮ. ‘ಸಾಕು’ ಎಂದು ಮೂವತ್ತೊಂದು ವರ್ಷದಿಂದ ನಾನು ಹೇಳಿದ್ದೇ ಬಂತು. ಗೋಡೆಗೆ ಹೇಳಿದ್ದರೆ ಅದಾದರೂ ಕೇಳುತ್ತಿತ್ತು.

ಮನೆ ಪಕ್ಕದ ಶೆಡ್ಡಿನಲ್ಲಿ ಕಾರು ರಿಪೇರಿ ಮಾಡುವಾಗ ಮಾತ್ರ ಹಾಗಲ್ಲ. ಸ್ಕ್ರೂ ಎಲ್ಲಿಗೆ ನಿಲ್ಲಿಸಬೇಕೆಂದು ಅವರ ಬೆರಳಿಗೆ ಗೊತ್ತಿತ್ತು. ಆದರೆ ಕಳೆದ ವರ್ಷ ಸಕ್ಕರೆ ಕಾಯಿಲೆ ಬಂದು ಬೆರಳ ತುದಿ ಜೋಮು ಹಿಡಿಯಿತು. ಅದನ್ನು ನನ್ನಿಂದಲೂ ಮುಚ್ಚಿಟ್ಟಿದ್ದರು ಮಹಾರಾಯರು!

ಹಲ್ಲಿನ ಡಾಕ್ಟರಮ್ಮನ ಹತ್ತಿರ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಿದೆ, ಎರಡೇ ಸೀಟಿನದು. ಅದರ ಹಿಂದಿನ ದೀಪದ ಕೆಂಪು ಲೆನ್ಸು ಗಡಗಡ ಅಲ್ಲಾಡುತ್ತಿತ್ತು. “ಹಲ್ಲಾಗಿದ್ರೆ ನಾನೇ ಕಿತ್ತುಬಿಡ್ತಿದ್ದೆ” ಎಂದು ನಕ್ಕು ಶೆಡ್ಡಿಗೆ ತಂದರು. ನಮ್ಮವರು ಸ್ಕ್ರೂ ಬಿಗಿದರು. ಟಪ್ ಎಂದಿತು. ಲೆನ್ಸಿನ ನಡುವೆ ಉದ್ದಕ್ಕೂ ಬಿರುಕು.

“ಬೆರಳಿಗೆ ಏನೂ ತಿಳೀತಿಲ್ಲ ಡಾಕ್ಟ್ರೇ. ಬೇರೆಯವರ ಹತ್ರ ಹೋಗಿ. ನಾನು ಶೆಡ್ಡು ಮುಚ್ತೀನಿ” ಎಂದು ಅಲ್ಲೇ ಕುಸಿದು ಕೂತರು.

ಶೆಡ್ಡಿಲ್ಲದೆ ಈ ಮನುಷ್ಯ ಒಂದು ವಾರವೂ ನೆಟ್ಟಗಿರಲಾರರು. ಡಾಕ್ಟರಮ್ಮ ಹತ್ತಿಯಲ್ಲಿ ಸುತ್ತಿದ ಇನ್ನೊಂದು ಲೆನ್ಸು ತೆಗೆದು, “ಉಳಿದಿರೋದು ಇದೊಂದೇ” ಎಂದರು. ನನ್ನ ಬಾಯಿ ಸುಮ್ಮನಿರಬೇಕಲ್ಲ! “ಬಿಟ್ಟೋಗಿ, ನಾಳೆ ಬನ್ನಿ. ಆಗಿರತ್ತೆ” ಎಂದುಬಿಟ್ಟೆ.

“ಏನೇ, ತಲೆ ಕೆಟ್ಟಿದ್ಯಾ ನಿನಗೆ?” ಎಂದರು ನಮ್ಮವರು, ಡಾಕ್ಟರಮ್ಮ ಹೋದ ಮೇಲೆ.

“ನಿಮ್ಮ ಬೆರಳಿಗೆ ಆಗದಿದ್ರೆ ನನ್ನ ಕಣ್ಣಿಲ್ವೇನ್ರೀ? ಏನು ನೋಡ್ಬೇಕು, ಹೇಳಿ.”

ಅವರು ಎದ್ದು, ಲೆನ್ಸಿನ ಕೆಳಗೆ ಒಣಗಿ ಪುಡಿಯಾಗಿದ್ದ ಹಳೇ ರಬ್ಬರನ್ನು ಕೆರೆದು ತೆಗೆದರು. ಸೈಕಲ್ ಟ್ಯೂಬು ಕತ್ತರಿಸಿ ಅದೇ ಅಳತೆಯ ಹೊಸ ಪಟ್ಟಿ ಕೂರಿಸಿದರು. “ಬಿಗೀತಾ ಹೋದ್ರೆ ರಬ್ಬರು ಅಂಚಿಂದ ಇಣುಕತ್ತೆ. ಸುತ್ತಲೂ ಸಮನಾಗಿ ಇಣುಕಿದ ತಕ್ಷಣ ಹೇಳು.”

ಕನ್ನಡಕ ಹಾಕಿಕೊಂಡು ಕುಕ್ಕರುಗಾಲಲ್ಲಿ ಕೂತೆ. ಎಡಗಡೆ ಸ್ಕ್ರೂ ಅರ್ಧ ಸುತ್ತು, ಬಲಗಡೆಯದು ಅರ್ಧ ಸುತ್ತು. ಮತ್ತೆ ಎಡಗಡೆ. ಕರಿದಾರದಷ್ಟು ರಬ್ಬರು ಸುತ್ತಲೂ ಕಂಡಿತು.

“ಸಾಕು!”

“ಇನ್ನೊಂ...” ಎಂದವರು ಅಲ್ಲಿಗೇ ನಿಲ್ಲಿಸಿದರು. ಸ್ಕ್ರೂಡ್ರೈವರನ್ನೂ ಎತ್ತಿಬಿಟ್ಟರು. ಮೂವತ್ತೊಂದು ವರ್ಷಕ್ಕೆ ಒಂದು ಸಲ!

ಮರುದಿನ ಡಾಕ್ಟರಮ್ಮ ಕಾರಿನ ಡಿಕ್ಕಿ ಬಾಗಿಲನ್ನು ಎರಡು ಸಲ ದಢಾರನೆ ಮುಚ್ಚಿದರು. ಹೆಬ್ಬೆರಳಿಂದ ಲೆನ್ಸನ್ನು ಅಲ್ಲಾಡಿಸಿ ನೋಡಿದರು. ಜಪ್ಪಯ್ಯ ಅಂದರೂ ಅಲುಗಲಿಲ್ಲ. “ಉಳಿದ ಮೂರು ದೀಪದ ಲೆನ್ಸೂ ಲೊಡಬಡ ಅಂತಿವೆ. ಅವನ್ನೂ ನೀವೇ ಮಾಡ್ಕೊಡಿ” ಎಂದರು.

ನಮ್ಮವರು ನನ್ನ ಕಡೆ ತಿರುಗಿದರು.

“ಏನೇ, ಒಪ್ಕೊಳ್ಳೋಣ್ವಾ?”

“ಕನ್ನಡಕ ತರ್ತೀನಿ, ಇರಿ” ಎಂದು ಮನೆಯೊಳಗೆ ಓಡಿದೆ.